ಘಮ ಪೊಟ್ಟಣದ್ದೋ, ಲೋಟದ್ದೋ? ಮನೆಯಲ್ಲೇ ಚಹಾ ರುಚಿ ಪರೀಕ್ಷೆ

ಪೊಟ್ಟಣ ಕತ್ತರಿಸಿದ ಕೂಡಲೇ ಪೀಚ್, ವೆನಿಲ್ಲಾ, ಸ್ಟ್ರಾಬೆರಿ ಎಂದು ಮೂಗಿಗೆ ಬಡಿಯುವ ಚಹಾ ಲೋಟಕ್ಕೆ ಬಂದ ಮೇಲೆ ಬರೀ ಹುಳಿನೀರು. ಇನ್ನೊಂದು ಪೊಟ್ಟಣದಲ್ಲಿ ಒಣಹುಲ್ಲಿನಂತೆ ಸಪ್ಪೆಯಾಗಿ ಬಿದ್ದಿರುತ್ತದೆ, ಬಿಸಿನೀರು ಸೋಕಿದ ಮೇಲೆ ಕೋಣೆಯಿಡೀ ಘಮಘಮ. ಒಂದೊಂದನ್ನು ಒಂದೊಂದು ದಿನ ಕುಡಿಯುವವರಿಗೆ ಈ ಆಟ ತಿಳಿಯುವುದೇ ಇಲ್ಲ. ಏಕೆಂದರೆ ನಿನ್ನೆಯ ರುಚಿ ಇವತ್ತು ಬಾಯಲ್ಲಿ ಉಳಿದಿರುವುದಿಲ್ಲ, ‘ಚೆನ್ನಾಗಿತ್ತು’ ಎಂಬ ಮಾತಷ್ಟೇ ಉಳಿದಿರುತ್ತದೆ. ಅಕ್ಕಪಕ್ಕ ಇಟ್ಟು ಗುಟುಕರಿಸಿದಾಗ ಮಾತ್ರ ಯಾವುದರಲ್ಲಿ ಏನಿದೆ ಎಂಬುದು ಗೊತ್ತಾಗುತ್ತದೆ. ಅದಕ್ಕೆ ಬೇಕಾದದ್ದು ಒಂದೇ ಬಗೆಯ ನಾಲ್ಕೈದು ಲೋಟ, ಗ್ರಾಂ ತೋರಿಸುವ ಪುಟ್ಟ ತಕ್ಕಡಿ, ಗಡಿಯಾರ, ಜೊತೆಗೆ ಕೈ ಸೇರಿಸಲು ಮನೆಯವರಲ್ಲಿ ಒಬ್ಬರು.

ಮೊದಲು ಗುಂಪು ಮಾಡಿ

ಅಂಗಡಿಯಲ್ಲಿ ಎಲ್ಲವೂ ಚಹಾ ಎಂಬ ಹೆಸರಿನಲ್ಲೇ ಸಾಲಾಗಿ ನಿಂತಿರುತ್ತವೆ. ಆದರೆ ಒಳಗೆ ಇರುವುದು ಮೂರು ಬೇರೆ ಬೇರೆ ಸರಕು. ಮೊದಲನೆಯದು ನಿಜವಾದ ಚಹಾ ಎಲೆಗೆ ಪರಿಮಳ ಸೇರಿಸಿದ್ದು. ಬರ್ಗಮಾಟ್ ಎಂಬ ನಿಂಬೆಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆ ಬೆರೆಸಿದ ಅರ್ಲ್ ಗ್ರೇ, ಮಲ್ಲಿಗೆ ಚಹಾ, ಏಲಕ್ಕಿ ಚಹಾ ಈ ಗುಂಪಿಗೆ ಸೇರುತ್ತವೆ. ಎರಡನೆಯದರಲ್ಲಿ ಚಹಾ ಎಲೆ ಒಂದು ಚೂರೂ ಇರುವುದಿಲ್ಲ: ಕ್ಯಾಮೊಮೈಲ್ ಹೂ, ಪುದೀನ, ಶುಂಠಿ, ಮಜ್ಜಿಗೆ ಹುಲ್ಲು, ದಕ್ಷಿಣ ಆಫ್ರಿಕಾದ ರೂಯಿಬೋಸ್ ಎಂಬ ಗಿಡದ ಎಲೆ. ಮೂರನೆಯದು ಹಣ್ಣಿನ ಮಿಶ್ರಣಗಳು.

ಒಂದು ಸಲಕ್ಕೆ ಒಂದೇ ಗುಂಪು ಎತ್ತಿಕೊಳ್ಳಿ. ಪುದೀನಕ್ಕೂ ಅರ್ಲ್ ಗ್ರೇಗೂ ಪಂದ್ಯ ಕಟ್ಟಿದರೆ ನಿಮಗೆ ಪುದೀನ ಇಷ್ಟವೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತದೆ. ಅದು ನಿಮಗೆ ಮೊದಲೇ ಗೊತ್ತಿತ್ತು.

ಹಣ್ಣಿನ ಮಿಶ್ರಣ ಕೊಳ್ಳುವವರು ಪೊಟ್ಟಣದ ಹಿಂಬದಿ ಓದಲೇಬೇಕು. ಪದಾರ್ಥಗಳ ಪಟ್ಟಿಯನ್ನು ಸಾಮಾನ್ಯವಾಗಿ ತೂಕದ ಲೆಕ್ಕದಲ್ಲಿ, ಹೆಚ್ಚಿನದು ಮೊದಲು ಬರುವಂತೆ ಬರೆದಿರುತ್ತಾರೆ. ಮುಂದೆ ಸ್ಟ್ರಾಬೆರಿಯ ಚಿತ್ರವಿದ್ದರೂ ಹಿಂದಿನ ಪಟ್ಟಿ ಬಹಳ ಸಲ ಶುರುವಾಗುವುದು ಹೈಬಿಸ್ಕಸ್, ಒಣ ಸೇಬು, ರೋಸ್‌ಹಿಪ್ (ಕಾಡುಗುಲಾಬಿಯ ಕಾಯಿ) ಎಂದು. ಹಣ್ಣಿನ ಹೆಸರು ಕೊನೆಯಲ್ಲೆಲ್ಲೋ ‘ಫ್ಲೇವರ್’ ಎಂಬ ಪದದ ಜೊತೆ ಅಂಟಿಕೊಂಡಿರುತ್ತದೆ. ಅಂದಹಾಗೆ ಈ ಹೈಬಿಸ್ಕಸ್ ಪೂಜೆಗೆ ಕೊಯ್ಯುವ ದಾಸವಾಳವಲ್ಲ. ಅದು ಕೆಂಪು ಪುಂಡಿ ಗಿಡದ ಹೂವಿನ ಬುಡದಲ್ಲಿರುವ ದಪ್ಪ ಕೆಂಪು ಪುಷ್ಪಪಾತ್ರೆ. ಬಣ್ಣ, ಹುಳಿ ಎರಡೂ ಅದರದೇ. ಬೇರೆ ಬೇರೆ ಹೆಸರಿನ ಹಣ್ಣಿನ ಚಹಾಗಳೆಲ್ಲ ಕೊನೆಗೆ ಒಂದೇ ರುಚಿ ಅನ್ನಿಸುವುದು ಇದರಿಂದಲೇ.

ಸಾಲಿನಲ್ಲಿ ಒಂದು ಸಾದಾ ಲೋಟ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮೂರು ಬ್ರ್ಯಾಂಡಿನ ಅರ್ಲ್ ಗ್ರೇ ಹೋಲಿಸುತ್ತಿದ್ದರೆ ನಾಲ್ಕನೆಯ ಲೋಟದಲ್ಲಿ ಏನೂ ಬೆರೆಸದ ಕಪ್ಪು ಚಹಾ ಇರಲಿ. ಹಣ್ಣಿನ ಚಹಾಗಳಾದರೆ ಬರೀ ಹೈಬಿಸ್ಕಸ್ ನೆನೆಸಿದ ನೀರು, ಶುಂಠಿ ಮಿಶ್ರಣಗಳಾದರೆ ಬರೀ ಶುಂಠಿ.

ಸಾದಾ ಲೋಟ ಇಲ್ಲದಿದ್ದರೆ ನಾವು ಪರಿಮಳಕ್ಕೆ ಅಂಕ ಕೊಡುತ್ತೇವೆ, ಚಹಾ ಹೇಗಿದೆ ಎಂದು ನೋಡುವುದೇ ಇಲ್ಲ. ಗಾಢ ಪರಿಮಳ ಕಳಪೆ ಎಲೆಯನ್ನು ಮುಚ್ಚಬಲ್ಲದು. ಸಾದಾ ಚಹಾದ ಒಂದು ಗುಟುಕು ಕುಡಿದು ತಕ್ಷಣ ಅರ್ಲ್ ಗ್ರೇಗೆ ಬನ್ನಿ: ನಿಂಬೆಯ ಚುರುಕು ಎಣ್ಣೆಯದು, ಕೆಳಗಿರುವ ಒಗರು ಮತ್ತು ಮೈತುಂಬಿದ ರುಚಿ ಎಲೆಯದು ಎಂದು ಎರಡೂ ಬಿಡಿಬಿಡಿಯಾಗಿ ಕಾಣಿಸುತ್ತವೆ. ಎಣ್ಣೆ ಹೆಚ್ಚಾದದ್ದು ಸೋಪಿನ ವಾಸನೆಯತ್ತ ಜಾರುವುದು, ಎಲೆ ತೆಳುವಾದದ್ದು ಪರಿಮಳ ಹೋದೊಡನೆ ನೀರಾಗುವುದು ಆಗ ಗೊತ್ತಾಗುತ್ತದೆ. ಮಲ್ಲಿಗೆ ಚಹಾದಲ್ಲಿ ಈ ವ್ಯತ್ಯಾಸ ಇನ್ನೂ ಸ್ವಾರಸ್ಯದ್ದು. ಸಂಪ್ರದಾಯದ ವಿಧಾನದಲ್ಲಿ ಸಂಜೆಗೆ ಅರಳುವ ಮೊಗ್ಗುಗಳನ್ನು ಹಸಿರು ಚಹಾದೊಂದಿಗೆ ಪದರಪದರವಾಗಿ ಹರಡಿ, ರಾತ್ರಿಯಿಡೀ ಎಲೆ ಕಂಪು ಹೀರಲು ಬಿಟ್ಟು, ಬೆಳಗ್ಗೆ ಹೂ ಬೇರ್ಪಡಿಸುತ್ತಾರೆ. ಉತ್ತಮ ದರ್ಜೆಯದಕ್ಕೆ ಹಲವು ರಾತ್ರಿ ಇದೇ ಕೆಲಸ. ಸುಲಭದ ದಾರಿ ಎಂದರೆ ಪರಿಮಳದ ದ್ರವ ಸಿಂಪಡಿಸುವುದು. ಎರಡೂ ಬಗೆ ಕೈಗೆ ಸಿಕ್ಕರೆ ಅದೇ ಎಲೆಗೆ ಎರಡನೆಯ ಸಲ ನೀರೆರೆದು ನೋಡಿ. ಯಾವುದರಲ್ಲಿ ಕಂಪು ಉಳಿದಿದೆ ಎಂಬುದನ್ನು ಮೂಗೇ ಹೇಳುತ್ತದೆ.

ಅಳತೆ, ನೀರು, ಸಮಯ

ರುಚಿ ಪರೀಕ್ಷೆಗೆ ಚಹಾ ಹೇಗೆ ಮಾಡಬೇಕು ಎಂಬುದಕ್ಕೆ ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ: 100 ಮಿ.ಲೀ. ಕುದಿನೀರಿಗೆ 2 ಗ್ರಾಂ ಎಲೆ, ಮುಚ್ಚಳ ಹಾಕಿದ ಬಿಳಿ ಪಿಂಗಾಣಿ ಪಾತ್ರೆ, 6 ನಿಮಿಷ. ಇದರ ಮೂಲವಾದ ಬ್ರಿಟಿಷ್ ಮಾನದಂಡ ಆರು ಪುಟಗಳದ್ದು. ಒಂದು ಲೋಟ ಚಹಾಕ್ಕೆ ಆರು ಪುಟವೇ ಎಂದು ನಕ್ಕವರು 1999ರಲ್ಲಿ ಅದಕ್ಕೆ ನೊಬೆಲ್‌ನ ಅಣಕವಾದ ಇಗ್ನೊಬೆಲ್ ಪ್ರಶಸ್ತಿ ಕೊಟ್ಟರು. ನಗು ಸರಿಯೇ, ಆದರೆ ಆ ಮಾನದಂಡದ ಉದ್ದೇಶ ರುಚಿಯಾದ ಚಹಾ ಮಾಡುವುದಲ್ಲ, ಯಾರು ಎಲ್ಲಿ ಮಾಡಿದರೂ ಒಂದೇ ರೀತಿ ಮಾಡುವುದು. 6 ನಿಮಿಷ ನೆನೆದ ಚಹಾ ಕಟುವಾಗಿಯೇ ಇರುತ್ತದೆ. ದೋಷ ಎದ್ದು ಕಾಣಲಿ ಎಂದೇ ಅಷ್ಟು ಹೊತ್ತು.

ಮನೆಯಲ್ಲಿ ಅಷ್ಟು ಕಠೋರ ಆಗಬೇಕಿಲ್ಲ. ಕಪ್ಪು ಚಹಾಕ್ಕೆ ಕುದಿನೀರು, 4 ನಿಮಿಷ. ಹಸಿರು ಚಹಾಕ್ಕೆ 80 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಎರಡರಿಂದ ಮೂರು ನಿಮಿಷ. ಹೂವು, ಎಲೆಯ ಮೂಲಿಕೆಗಳಿಗೆ ಕುದಿನೀರು, ಐದಾರು ನಿಮಿಷ. ಶುಂಠಿ, ಚಕ್ಕೆ, ಬೇರುಗಳು ನೆನೆದರೆ ಸಾಲದು, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಯಬೇಕು. ಸೋಂಪು, ಏಲಕ್ಕಿಯನ್ನು ಜಜ್ಜಿ ಹಾಕಿ. ನೆನೆಯುವಾಗ ಎಲ್ಲ ಲೋಟಗಳಿಗೂ ತಟ್ಟೆ ಮುಚ್ಚಿ. ಮೂಲಿಕೆಗಳ ಘಮವೆಲ್ಲ ಬೇಗ ಹಾರಿಹೋಗುವ ಎಣ್ಣೆಗಳಲ್ಲಿದೆ. ತೆರೆದಿಟ್ಟರೆ ಅದು ಕೋಣೆಯ ಪಾಲು.

ಚಮಚದ ಅಳತೆ ಬೇಡ, ತೂಕವೇ ಇರಲಿ. ಕ್ಯಾಮೊಮೈಲ್ ಹೂ ಹತ್ತಿಯಂತೆ ಹಗುರ, ಪುಡಿ ಚಹಾ ಭಾರ, ಒಂದು ಚಮಚ ಎಂದರೆ ಎರಡರಲ್ಲೂ ಒಂದೇ ಅಲ್ಲ. ಟೀ ಬ್ಯಾಗುಗಳಲ್ಲೂ ತೂಕ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬದಲಾಗುತ್ತದೆ. ಪೊಟ್ಟಣದ ಮೇಲೆ ಎಷ್ಟು ಗ್ರಾಂ ಎಂದು ನೋಡಿ, ಅದಕ್ಕೆ ತಕ್ಕಂತೆ ನೀರು ಹೆಚ್ಚುಕಡಿಮೆ ಮಾಡಿ. ನೀರು ಒಂದೇ ಮೂಲದ್ದಾಗಿರಲಿ. ಗಡಸು ನೀರಿನಲ್ಲಿ ಚಹಾದ ಮೇಲೆ ತೆಳು ಕೆನೆಯಂಥ ಪೊರೆ ಕಟ್ಟುತ್ತದೆ, ರುಚಿಯೂ ಮಂಕಾಗುತ್ತದೆ. ಲೋಟಗಳಿಗೆ ಅರ್ಧರ್ಧ ನಿಮಿಷದ ಅಂತರದಲ್ಲಿ ನೀರೆರೆದು, ಅದೇ ಅಂತರದಲ್ಲಿ ಸೋಸಿದರೆ ಎಲ್ಲಕ್ಕೂ ಸಮಾನ ಹೊತ್ತು ಸಿಗುತ್ತದೆ.

ಹೆಸರು ಗೊತ್ತಿಲ್ಲದೆ ಕುಡಿಯುವುದು

ಚಂದದ ಡಬ್ಬಿ ಕಂಡ ಮೇಲೆ ನಾಲಿಗೆ ಪ್ರಾಮಾಣಿಕವಾಗಿ ಉಳಿಯುವುದು ಕಷ್ಟ. ಆದ್ದರಿಂದ ಜೊತೆಗಿರುವವರು ನೀವಿಲ್ಲದಾಗ ಲೋಟ ತುಂಬಲಿ, ಅಡಿಯಲ್ಲಿ ಗುರುತು ಅಂಟಿಸಲಿ. ಗುರುತಿಗೆ 1, 2, 3 ಬೇಡ, ಒಂದು ಎಂದರೆ ಮೊದಲನೆಯದು ಎಂಬ ಭಾವನೆ ನುಸುಳುತ್ತದೆ. 417, 862 ಎಂಬಂಥ ಅರ್ಥವಿಲ್ಲದ ಅಂಕೆಗಳು ಒಳ್ಳೆಯದು. ಬಣ್ಣ ಗುಟ್ಟು ಬಿಟ್ಟುಕೊಡುವಂತಿದ್ದರೆ ಕಣ್ಣು ಮುಚ್ಚಿಯೇ ಕುಡಿಯಿರಿ.

ಈ ಪದ್ಧತಿಯ ಹಿಂದೆ ಚಹಾದ್ದೇ ಒಂದು ಕತೆಯಿದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿ, ಬಟ್ಟಲಿಗೆ ಹಾಲು ಮೊದಲು ಹಾಕಿದ್ದೋ ಚಹಾ ಮೊದಲು ಹಾಕಿದ್ದೋ ಎಂದು ಕುಡಿದೇ ಹೇಳಬಲ್ಲೆ ಎಂದರು. ಸಹೋದ್ಯೋಗಿಯಾದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅದನ್ನು ಹಾಗೆಯೇ ಬಿಡಲಿಲ್ಲ. ಎಂಟು ಬಟ್ಟಲು, ನಾಲ್ಕು ಒಂದು ಬಗೆ, ನಾಲ್ಕು ಇನ್ನೊಂದು ಬಗೆ, ಕ್ರಮ ಕಲಸಿಟ್ಟದ್ದು. ಬರೀ ಊಹೆಯಿಂದ ಎಂಟನ್ನೂ ಸರಿಯಾಗಿ ವಿಂಗಡಿಸುವ ಸಾಧ್ಯತೆ 70ರಲ್ಲಿ ಒಂದು. ಇದೇ ಪ್ರಯೋಗವನ್ನು ಫಿಶರ್ 1935ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಉದಾಹರಣೆಯಾಗಿ ಬೆಳೆಸಿದರು. ಪ್ರಯೋಗ ಹೇಗೆ ಮಾಡಬೇಕು ಎಂಬ ಆಧುನಿಕ ಸಂಖ್ಯಾಶಾಸ್ತ್ರದ ಪಾಠ ಇಂದಿಗೂ ಅಲ್ಲಿಂದ ಶುರುವಾಗುತ್ತದೆ.

ಮನೆಗೆ ಇದರ ಚಿಕ್ಕ ರೂಪ ಸಾಕು. ಮೂರು ಲೋಟ: ಎರಡರಲ್ಲಿ ಒಂದೇ ಚಹಾ, ಮೂರನೆಯದರಲ್ಲಿ ಬೇರೆ. ಬೇರೆ ಯಾವುದು ಎಂದು ಹೇಳಬೇಕು. ಊಹೆಗೂ ಮೂರರಲ್ಲಿ ಒಂದು ಸಲ ಸರಿಯಾಗಬಹುದು, ಆದರೆ ಸತತ ಮೂರು ಸಲ ಹಾಗಾಗುವುದು 27ರಲ್ಲಿ ಒಂದು. ನಿಮಗೆ ವ್ಯತ್ಯಾಸವೇ ಸಿಗದಿದ್ದರೆ ಬೇಸರ ಬೇಡ. ಅಗ್ಗದ್ದನ್ನೇ ನಿಶ್ಚಿಂತೆಯಿಂದ ಕೊಳ್ಳಿ.

ಗುಟುಕು

ಮೊದಲು ಒಣ ಎಲೆ ಮೂಸಿ. ಆಮೇಲೆ ಸೋಸಿ ಉಳಿದ ಬಿಸಿ ಎಲೆ. ಒಣದರಲ್ಲಿ ಮುಂದೆ ನಿಂತಿದ್ದ ಪರಿಮಳ ಒದ್ದೆ ಎಲೆಯಲ್ಲಿ ಹಿಂದೆ ಸರಿದಿದ್ದರೆ ಅಲ್ಲೇ ಅರ್ಧ ತೀರ್ಪು ಆಯಿತು.

ಕುಡಿಯಲು ಆತುರ ಬೇಡ. 65 ಡಿಗ್ರಿಗಿಂತ ಹೆಚ್ಚು ಬಿಸಿಯಾದ ಪಾನೀಯಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಅಪಾಯ ಇರಬಹುದಾದವುಗಳ ಪಟ್ಟಿಗೆ ಸೇರಿಸಿದೆ. ಅದು ಒತ್ತಟ್ಟಿಗಿರಲಿ, ಸುಡುವ ಚಹಾದಲ್ಲಿ ರುಚಿಯೂ ಸಿಗುವುದಿಲ್ಲ. ಉಗುರುಬೆಚ್ಚಗಿಂತ ತುಸು ಮೇಲೆ ಇರುವಾಗ ಸದ್ದು ಮಾಡಿ ಸೊರ್ರೆಂದು ಹೀರಿ. ವೃತ್ತಿಪರರೂ ಹೀಗೆಯೇ ಮಾಡುತ್ತಾರೆ, ಹನಿಗಳು ಗಾಳಿಯೊಂದಿಗೆ ಚದುರಿ ಬಾಯಿಯ ಹಿಂಬದಿಯಿಂದ ಮೂಗಿಗೆ ಘಮ ಏರುತ್ತದೆ. ಎರಡನೆಯ ಗುಟುಕನ್ನು ಮೂಗು ಹಿಡಿದು ಕುಡಿಯಿರಿ. ಪೀಚ್, ವೆನಿಲ್ಲಾ ಎಲ್ಲ ಮಾಯವಾಗಿ ಸಿಹಿ, ಹುಳಿ, ಕಹಿ, ಒಗರು ಮಾತ್ರ ಉಳಿದರೆ ಆಶ್ಚರ್ಯಪಡಬೇಡಿ. ಮೂಗು ಬಿಟ್ಟೊಡನೆ ಹಣ್ಣು ಮರಳಿ ಬರುತ್ತದೆ. ಸೇರಿಸಿದ ಪರಿಮಳ ಎಷ್ಟು, ನಾಲಿಗೆಗೆ ದಕ್ಕುವ ರುಚಿ ಎಷ್ಟು ಎಂದು ಅಳೆಯಲು ಇದಕ್ಕಿಂತ ಸುಲಭದ ಉಪಾಯ ನನಗೆ ತಿಳಿದಿಲ್ಲ.

ಒಗರನ್ನೂ ಕಹಿಯನ್ನೂ ಬೇರೆಯಾಗಿ ಬರೆದುಕೊಳ್ಳಿ. ಕಹಿ ನಾಲಿಗೆಯ ರುಚಿ. ಒಗರು ಚಹಾದ ಟ್ಯಾನಿನ್‌ಗಳು ಎಂಜಲಿನ ಪ್ರೋಟೀನಿಗೆ ಅಂಟಿ ಬಾಯಿ ಒಣಗಿದಂತಾಗುವ ಅನುಭವ. ಅದು ಗುಟುಕಿನಿಂದ ಗುಟುಕಿಗೆ ಬೆಳೆಯುತ್ತಾ ಹೋಗುವುದರಿಂದ ಸಾಲಿನ ಕೊನೆಯ ಲೋಟಕ್ಕೆ ಸುಮ್ಮನೆ ಕೆಟ್ಟ ಹೆಸರು ಬರುತ್ತದೆ. ನಡುನಡುವೆ ನೀರು ಕುಡಿಯಿರಿ. ಮೊದಲ ಸುತ್ತಿನ ಕ್ರಮವನ್ನು ಎರಡನೆಯ ಸುತ್ತಿನಲ್ಲಿ ತಿರುವುಮುರುವು ಮಾಡಿ. ಆದರೆ ಎರಡೂ ಸುತ್ತಿನಲ್ಲಿ ಸೌಮ್ಯವಾದವೇ ಮೊದಲು, ಪುದೀನ, ಶುಂಠಿ, ಜ್ಯೇಷ್ಠಮಧು ಇರುವವು ಕೊನೆಗೆ; ತಿರುವುಮುರುವು ಉಳಿದವುಗಳ ನಡುವೆ ಮಾತ್ರ. ಪುದೀನದ ಮೆಂಥಾಲ್ ತಂಪನ್ನು ಗ್ರಹಿಸುವ ನರಗಳನ್ನೇ ಕೆಣಕುತ್ತದೆ, ಜ್ಯೇಷ್ಠಮಧುವಿನ ಸಿಹಿ ಗಂಟಲಲ್ಲಿ ಬಹಳ ಹೊತ್ತು ಕೂರುತ್ತದೆ. ಇವುಗಳ ಹಿಂದೆ ಬಂದ ಯಾವ ಚಹಾಕ್ಕೂ ನ್ಯಾಯ ಸಿಗುವುದಿಲ್ಲ. ಒಂದು ಸಲಕ್ಕೆ ಐದು ಲೋಟ ದಾಟಬೇಡಿ.

ಹಾಲು, ಸಕ್ಕರೆ, ಜೇನು ಎಲ್ಲ ಆಮೇಲೆ. ಹಾಲಿನ ಪ್ರೋಟೀನ್ ಟ್ಯಾನಿನ್ ಹಿಡಿದುಕೊಂಡು ಒಗರು ಇಳಿಸುತ್ತದೆ, ಹಾಗಾಗಿ ಸಾದಾದಲ್ಲಿ ಸೋತ ಖಡಕ್ ಚಹಾ ಹಾಲಿನಲ್ಲಿ ಗೆಲ್ಲುವುದುಂಟು. ಹೈಬಿಸ್ಕಸ್ ಇರುವುದಕ್ಕೆ ಹಾಲು ಹಾಕಬೇಡಿ, ಒಡೆದೀತು.

ಕುಡಿಯುವ ಮುನ್ನ ಒಂದು ಎಚ್ಚರ

ಮೂಲಿಕೆ ಎಂದ ಮಾತ್ರಕ್ಕೆ ಎಲ್ಲವೂ ಎಲ್ಲರಿಗೂ ಸೌಮ್ಯವಲ್ಲ. ಜ್ಯೇಷ್ಠಮಧು ಹೆಚ್ಚಾದರೆ ರಕ್ತದೊತ್ತಡ ಏರಬಹುದು. ಕ್ಯಾಮೊಮೈಲ್ ಸೇವಂತಿಗೆಯ ಕುಟುಂಬದ್ದು, ಆ ಹೂಗಳ ಅಲರ್ಜಿ ಇರುವವರು ದೂರವಿರಲಿ. ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯ ಹೆಸರು ಪಟ್ಟಿಯಲ್ಲಿ ಕಂಡರೆ, ಅದು ಗರ್ಭನಿರೋಧಕ ಮಾತ್ರೆ, ರಕ್ತ ತೆಳುಗೊಳಿಸುವ ಔಷಧಿ ಸೇರಿ ಅನೇಕ ಔಷಧಿಗಳ ಕೆಲಸ ಕೆಡಿಸುತ್ತದೆ ಎಂಬುದು ನೆನಪಿರಲಿ. ಗರ್ಭಿಣಿಯರು, ನಿತ್ಯ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಆರಿಸಿಕೊಳ್ಳಲಿ. ರಾತ್ರಿ ನಿದ್ದೆ ಬೇಕಾದವರು ಇನ್ನೊಂದನ್ನು ಗಮನಿಸಬೇಕು: ರೂಯಿಬೋಸ್, ಕ್ಯಾಮೊಮೈಲ್‌ಗಳಲ್ಲಿ ಕೆಫೀನ್ ಇಲ್ಲ, ಆದರೆ ಮೂಲಿಕೆಗಳ ಸಾಲಿನಲ್ಲೇ ಕೂತಿರುವ ದಕ್ಷಿಣ ಅಮೆರಿಕದ ಯೆರ್ಬಾ ಮಾಟೆ ಎಲೆಯಲ್ಲಿ ಇದೆ.

ಗೆದ್ದ ಚಹಾವನ್ನು ಗಾಳಿಯಾಡದ ಡಬ್ಬಿಗೆ ಹಾಕಿ, ಬೆಳಕು ತಾಗದ ಕಡೆ ಇಡಿ. ಪುದೀನದ ಡಬ್ಬಿ ಮಾತ್ರ ಬೇರೆಯೇ ಕಪಾಟಿನಲ್ಲಿರಲಿ, ಪಕ್ಕದ ಎಲೆಗೆಲ್ಲ ತನ್ನ ವಾಸನೆ ಅಂಟಿಸುತ್ತದೆ. ಸೋತದ್ದನ್ನು ಎಸೆಯಬೇಕಿಲ್ಲ. ಪರಿಮಳ ಅತಿಯಾಯಿತು ಎಂದು ಸೋತಿದ್ದರೆ ಒಂದು ಪಾಲಿಗೆ ಎರಡು ಪಾಲು ಸಾದಾ ಎಲೆ ಬೆರೆಸಿ ಮತ್ತೆ ಕುಡಿದು ನೋಡಿ. ಹುಳಿಯಿಂದ ಸೋತ ಹಣ್ಣಿನ ಮಿಶ್ರಣವನ್ನು ದುಪ್ಪಟ್ಟು ಗಾಢವಾಗಿ ನೆನೆಸಿ, ಸೋಸಿ, ತಣಿಸಿ, ಸಕ್ಕರೆ ಕದಡಿ ಮಂಜುಗಡ್ಡೆಯ ಮೇಲೆ ಸುರಿದರೆ ಬೇಸಿಗೆಯ ಮಧ್ಯಾಹ್ನ ಮಕ್ಕಳೇ ಖಾಲಿ ಮಾಡುತ್ತಾರೆ.