ಕ್ಯಾಲೆಂಡರಿನ ಗೀಟುಗಳು: ಮನೆಗೊಂದು ಹಸು ಕಟ್ಟಿಕೊಂಡ ನನ್ನ ಅನುಭವ

ನಮ್ಮ ಅಡುಗೆಮನೆ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ನೇತಾಡುತ್ತದೆ. ಅದರಲ್ಲಿ ಹಬ್ಬ, ಅಮಾವಾಸ್ಯೆ ಜೊತೆಗೆ ಪೆನ್ಸಿಲ್ ಗೀಟುಗಳೂ ಇವೆ. ಅಡ್ಡಗೀಟು ಅಂದರೆ ಹಸು ಬೆದೆಗೆ ಬಂದ, ಅಂದರೆ ಗಬ್ಬಕ್ಕೆ ಹದವಾದ ದಿನ. ಸುತ್ತ ಗುಂಡಗೆ ಎಳೆದಿದ್ದರೆ ಸೆಮೆನ್ ಕಡ್ಡಿ ಹಾಕಿಸಿದ (ಕೃತಕ ಗರ್ಭಧಾರಣೆ ಮಾಡಿಸಿದ) ದಿನ, ಪಕ್ಕದಲ್ಲಿ ಹೋರಿಯ ನಂಬರ್. ಹಸು ಸಾಕುವುದರಲ್ಲಿ ನಾನು ಕಲಿತದ್ದು ಮುಕ್ಕಾಲು ಪಾಲು ಈ ಗೀಟುಗಳಲ್ಲೇ ಇದೆ. ಮಿಕ್ಕಿದ್ದು ನಮ್ಮ ಅತ್ತೆ ಹೇಳಿಕೊಟ್ಟದ್ದು.

ನಮ್ಮದು ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕು. ಮೂರು ಎಕರೆ ಜಮೀನು, ಅದರಲ್ಲಿ ಅರ್ಧ ಎಕರೆಗೆ ಮಾತ್ರ ಬೋರಿನ ನೀರು. ಶೇಂಗಾ, ರಾಗಿ, ಸಾಲಿನ ನಡುವೆ ಒಂದಿಷ್ಟು ತೊಗರಿ. ಮಾರಿಕಣಿವೆ ಅಣೆಕಟ್ಟು (ವಾಣಿವಿಲಾಸ ಸಾಗರ) ನಮ್ಮ ತಾಲ್ಲೂಕಿನಲ್ಲೇ ಇದ್ದರೂ ನಮ್ಮ ಹೊಲಕ್ಕೆ ಅದರ ಹನಿ ನೀರು ಬರುವುದಿಲ್ಲ, ಆ ಮಾತು ಬಿಡಿ. ಹಸು ಕಟ್ಟಿದ್ದು ಮನೆಗೆ ಹಾಲು ಮೊಸರು, ಹೊಲಕ್ಕೆ ಗೊಬ್ಬರ, ಮಿಕ್ಕ ಹಾಲು ಡೇರಿಗೆ ಅನ್ನುವ ಲೆಕ್ಕದಲ್ಲಿ. ಹತ್ತು ಹಸುವಿನ ಶೆಡ್ ಹಾಕುವವರಿಗೆ ಇದು ಅಷ್ಟಾಗಿ ಉಪಯೋಗಕ್ಕೆ ಬರಲಿಕ್ಕಿಲ್ಲ.

ಮೊದಲ ಹಸು ತಂದಿದ್ದು 2019ರಲ್ಲಿ. ಕಪ್ಪು ಬಿಳಿ ಬಣ್ಣದ ಹೋಲ್‌ಸ್ಟೀನ್ ಫ್ರೀಸಿಯನ್, ಅಂದರೆ ಎಚ್‌ಎಫ್. ದಲ್ಲಾಳಿ ಹದಿನಾಲ್ಕು ಲೀಟರ್ ಅಂದ, ನಾವು ಒಂದು ಸಂಜೆ ಹಿಂಡಿಸಿ ನೋಡಿ ಖುಷಿಯಾಗಿ ದುಡ್ಡು ಎಣಿಸಿ ಕೊಟ್ಟು ಬಂದೆವು. ಮನೆಗೆ ಬಂದ ಮೇಲೆ ಎರಡು ಹೊತ್ತೂ ಸೇರಿ ಎಂಟು ಲೀಟರ್ ದಾಟಲಿಲ್ಲ. ಆಮೇಲೆ ಗೊತ್ತಾಯಿತು, ಮಾರುವವರು ಬೆಳಗ್ಗೆ ಹಿಂಡದೆ ಹಾಗೇ ಬಿಟ್ಟಿದ್ದರೆ ಸಂಜೆಗೆ ಕೆಚ್ಚಲು ತುಂಬಿ ಬಿರಿಯುತ್ತಿರುತ್ತದೆ ಅಂತ. ಈಗ ಯಾರು ಕೇಳಿದರೂ ಹೇಳುತ್ತೇನೆ: ಸಂಜೆ ಹೋಗಿ, ನಿಮ್ಮ ಎದುರಿಗೇ ಕೆಚ್ಚಲು ಖಾಲಿ ಮಾಡಿಸಿ, ಆ ಹಾಲನ್ನು ಲೆಕ್ಕಕ್ಕೆ ಇಡಬೇಡಿ. ಮಾರನೇ ಬೆಳಗ್ಗೆ ಮತ್ತು ಸಂಜೆಯದ್ದನ್ನು ಮಾತ್ರ ಅಳೆಯಿರಿ. ನಾಲ್ಕೂ ಮೊಲೆಯಿಂದ ಒಂದೊಂದು ಸೆಳೆ ಅಂಗೈ ಮೇಲೆ ಬಿಟ್ಟು ನೋಡಿ. ಹಾಲು ನೀರುನೀರಾಗಿದ್ದರೆ, ಗಂಟು ಕಂಡರೆ ಕೆಚ್ಚಲು ಬಾವು ಇದೆ ಅಂತ ಲೆಕ್ಕ.

ಹಾಲು ಕಮ್ಮಿ ಆಗಿದ್ದಕ್ಕಿಂತ ದೊಡ್ಡ ಏಟು ಬಿದ್ದದ್ದು ಬೇರೆ ಕಡೆ. ಆ ಹಸು ಗಬ್ಬ ನಿಲ್ಲಲೇ ಇಲ್ಲ. ನಮ್ಮ ಕಡೆ ಬೇಸಿಗೆ ಹೇಗಿರುತ್ತದೆ ಅಂತ ಗೊತ್ತಲ್ವಾ, ತಗಡಿನ ಕೊಟ್ಟಿಗೆ, ಏದುಸಿರು ಬಿಡುತ್ತಾ ನಿಂತಿರುತ್ತಿತ್ತು. ಅಂಥ ಸೆಕೆಯಲ್ಲಿ ಎಚ್‌ಎಫ್ ಬೆದೆಗೆ ಬಂದರೂ ಕೂಗಲ್ಲ, ಹಾರಲ್ಲ, ಮೂಕಬೆದೆ. ನಾನು ಹಗಲು ಹೊತ್ತು ನೋಡುತ್ತಿದ್ದೆ, ಅದು ರಾತ್ರಿ ಬಂದು ಬೆಳಗಿನ ಜಾವಕ್ಕೆ ಇಳಿದುಹೋಗುತ್ತಿತ್ತು. ಒಂದು ಸಲ ಬಾಲದ ಬುಡದಲ್ಲಿ ರಕ್ತ ಬೆರೆತ ಲೋಳೆ ಕಂಡು, ಇದೇ ಬೆದೆ ಅಂದುಕೊಂಡು, ಕಡ್ಡಿ ಹಾಕುವವರನ್ನು ಫೋನ್ ಮಾಡಿ ಕರೆಸಿದೆ. ಅವರು ನೋಡಿ, 'ಅಕ್ಕಾ, ಇದು ಮುಗಿದು ಎರಡು ದಿನ ಆಗಿದೆ' ಅಂತ ಹೇಳಿ ಚಹಾ ಕುಡಿದು ಹೋದರು. ಕೆಂಪು ಕಂಡರೆ ಬೆದೆ ದಾಟಿದೆ ಅಂತ ಅರ್ಥ. ಆದರೆ ಆ ದಿನವನ್ನೂ ಬರೆದಿಡಬೇಕು. ಬೆದೆ 21 ದಿನಕ್ಕೊಮ್ಮೆ ಮರಳುವುದರಿಂದ, ಕೆಂಪು ಕಂಡ ಹದಿನೆಂಟು ಹತ್ತೊಂಬತ್ತನೇ ದಿನದಿಂದ ಕಣ್ಣಿಟ್ಟರೆ ಮುಂದಿನದು ತಪ್ಪುವುದಿಲ್ಲ. ಒಂದು ಬೆದೆ ತಪ್ಪಿದರೆ ಮೂರು ವಾರ ಸುಮ್ನೆ ಮೇವು ಹಾಕಿದ ಹಾಗೆ. ನನಗೆ ಅಂಥವು ಐದು ತಪ್ಪಿದವು. 2020ರಲ್ಲಿ ಆ ಹಸುವನ್ನು ತಂದ ಬೆಲೆಯ ಅರ್ಧಕ್ಕೆ ಕೊಟ್ಟೆವು.

ಆಗ ಅತ್ತೆ ಹೇಳಿದ್ದು: 'ನಮ್ಮ ಬಣವೆ ಎಷ್ಟೈತೋ ಅಷ್ಟು ತಿನ್ನೋ ಹಸ ತಗಾ ಕಣವ್ವ.'

ಅದೇ ವರ್ಷದ ಕೊನೆಗೆ ಕೆಂಪಿ ಬಂದಳು. ಜರ್ಸಿ ಕ್ರಾಸ್, ಎರಡನೇ ಸೂಲು (ಎರಡನೇ ಕರು ಹಾಕಿದ್ದು), ಸಣ್ಣ ಮೈ, ಕಪ್ಪು ಗೊರಸು. ದಿನಕ್ಕೆ ಏಳೆಂಟು ಲೀಟರ್ ಕೊಡುತ್ತಾಳೆ. ಲೀಟರ್ ಕಮ್ಮಿ ಅನ್ನಿಸಬಹುದು, ಆದರೆ ಫ್ಯಾಟ್ ನಾಲ್ಕೂವರೆ ಮೇಲೇ ಬರುತ್ತದೆ, ಡೇರಿಯಲ್ಲಿ ದುಡ್ಡು ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಗಟ್ಟಿ ಅಂಶ) ನೋಡಿಯೇ ಅಲ್ವಾ ಕೊಡುವುದು. ಬಿಸಿಲನ್ನೂ ಎಚ್‌ಎಫ್‌ಗಿಂತ ಚೆನ್ನಾಗಿ ತಡೆಯುತ್ತಾಳೆ.

ನಾಟಿ ಹಸುವನ್ನೇ ತರಬಹುದಿತ್ತಲ್ಲ ಅಂತ ಕೇಳುತ್ತಾರೆ. ನಮ್ಮ ಜಿಲ್ಲೆಯಲ್ಲಿ ಅಮೃತಮಹಲ್ ತಳಿಯ ದನ ಮೇಯುವ ಕಾವಲುಗಳೇ ಇದ್ದಾವೆ, ಆ ತಳಿಯ ಮೇಲೆ ನನಗೂ ಅಭಿಮಾನವಿದೆ. ಆದರೆ ಅದು ಮೈಸೂರು ಅರಸರ ಕಾಲದಲ್ಲಿ, ಟಿಪ್ಪುವಿನ ಕಾಲದಲ್ಲಿ ದಂಡಿನ ಸಾಮಾನು ಎಳೆಯಲು ಬೆಳೆಸಿದ ತಳಿ. ಓಟಕ್ಕೆ, ಗೇಯ್ಮೆಗೆ ಅದನ್ನು ಮೀರಿದ್ದಿಲ್ಲ. ಹಾಲು ಕರುವಿಗೆ ಸಾಕಾದರೆ ಪುಣ್ಯ. ನಾಟಿ ಹಸುವಿನ ಎ2 ಹಾಲು ಒಳ್ಳೆಯದು ಅಂತ ಕೇಳಿ ಆಸೆಪಟ್ಟು ತಂದವರು ಒದೆ ತಿಂದು ಸುಮ್ಮನಾಗಿದ್ದನ್ನು ಕಂಡಿದ್ದೇನೆ.

ಬೆದೆ ನೋಡುವ ಕೆಲಸವನ್ನು ಕೆಂಪಿ ಬಂದ ಮೇಲೆ ನಾನು ಸರಿಯಾಗಿ ಕಲಿತೆ. ರಾತ್ರಿ ಮಲಗುವ ಮುಂಚೆ ಒಂದು ಸಲ, ಬೆಳಗ್ಗೆ ಐದಕ್ಕೆ ಸಗಣಿ ಬಾಚುವ ಮುಂಚೆ ಒಂದು ಸಲ, ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋಗಿ ಐದು ನಿಮಿಷ ಸುಮ್ಮನೆ ನಿಲ್ಲುತ್ತೇನೆ. ಹಸು ಮಲಗಿದ್ದಾಗಲೇ ಲೋಳೆ ಚೆನ್ನಾಗಿ ಕಾಣುವುದು. ಕೋಳಿಮೊಟ್ಟೆಯ ಬಿಳಿ ಇರುತ್ತದಲ್ಲ, ಹಾಗೆ ತಿಳಿಯಾಗಿ, ತುಂಡಾಗದೆ ನೂಲಿನಂತೆ ನೆಲದವರೆಗೆ ಇಳಿದಿರುತ್ತದೆ. ಒಣಗಿದರೆ ಬಾಲದ ಕೂದಲು ಅಂಟಿಕೊಂಡು ಬಿರುಸಾಗಿರುತ್ತದೆ, ಕೈಯಲ್ಲಿ ಮುಟ್ಟಿದರೆ ಗೊತ್ತಾಗುತ್ತದೆ. ಆ ದಿನ ಹಾಲು ಅರ್ಧ ಲೀಟರ್ ಇಳಿಯುತ್ತದೆ, ಪದೇ ಪದೇ ಗಂಜಲ ಹಾಕುತ್ತದೆ, ಮೇವು ಬಿಟ್ಟು ಬಾಗಿಲ ಕಡೆ ನೋಡುತ್ತದೆ. ಹೊರಗೆ ಬಿಟ್ಟಾಗ ಬೇರೆ ದನ ಮೇಲೆ ಹಾರಿದರೆ ಅಲುಗದೆ ನಿಲ್ಲುತ್ತದಲ್ಲ, ಅದೇ ಗಟ್ಟಿ ಬೆದೆ. ಬೆಳಗ್ಗೆ ಕಂಡರೆ ಸಂಜೆ ಕಡ್ಡಿ ಹಾಕಿಸಬೇಕು, ಸಂಜೆ ಕಂಡರೆ ಮಾರನೇ ಬೆಳಗ್ಗೆ. ಕಂಡ ತಕ್ಷಣ ಓಡಿಹೋಗಿ ಹಾಕಿಸುವವರೇ ಜಾಸ್ತಿ, ಆಮೇಲೆ ನಿಲ್ಲಲಿಲ್ಲ ಅಂತ ಕಡ್ಡಿ ಹಾಕಿದವರನ್ನು ಬೈಯುತ್ತಾರೆ. ಕರು ಹಾಕಿ ಎರಡು ತಿಂಗಳು ಆಗುವವರೆಗೆ ಬೆದೆ ಬಂದರೂ ನಾನು ಬರೆದುಕೊಂಡು ಬಿಡುತ್ತೇನೆ. ಮೂರನೇ ತಿಂಗಳಲ್ಲಿ ಹಾಕಿಸುತ್ತೇನೆ. ಕಡ್ಡಿ ಹಾಕಿಸಿ ಮೂರು ತಿಂಗಳಿಗೆ ಡಾಕ್ಟರ ಹತ್ತಿರ ಕೈ ಹಾಕಿಸಿ ಗಬ್ಬ ನೋಡಿಸುವುದು ಕಡ್ಡಾಯ.

ಕೆಂಪಿ 2021ರಲ್ಲಿ ಹೆಣ್ಣುಕರು ಹಾಕಿದಳು, ಬೆಳ್ಳಿ. ಒಂಬತ್ತು ತಿಂಗಳು ಒಂಬತ್ತು ದಿನ ಅನ್ನುತ್ತಾರಲ್ಲ, ಕ್ಯಾಲೆಂಡರ್ ಲೆಕ್ಕಕ್ಕೆ ಮೂರು ದಿನ ಮುಂಚೆ ಹಾಕಿದಳು. ರಾತ್ರಿ ಹನ್ನೊಂದರ ಹೊತ್ತಿಗೆ ನೀರಿನ ಚೀಲ ಕಂಡಿತು, ಆಮೇಲೆ ಎರಡು ಮುಂಗಾಲು, ಅದರ ಮೇಲೆ ಮೂಗು. ಹೀಗೆ ಕಂಡರೆ ಯಾರೂ ಕೈ ಹಾಕಬಾರದು, ಅದೇ ಬರುತ್ತದೆ. ಕರು ಬಿದ್ದ ತಕ್ಷಣ ಮೂಗು ಬಾಯಿ ಒರೆಸಿ, ಹೊಕ್ಕುಳಬಳ್ಳಿಗೆ ದಾರ ಕಟ್ಟಿ ಕತ್ತರಿಸಿ ಅಯೋಡಿನ್ ಹಚ್ಚಿದೆ. ಕರುವನ್ನು ಕೆಚ್ಚಲಿಗೆ ಬಿಡಲು ಹೋದಾಗ ಜಗಳ ಶುರುವಾಯಿತು. ಕಸ (ಕರುವಿನ ಹಿಂದೆ ಬರುವ ಮಾಸು) ಬೀಳುವವರೆಗೆ ಕರುವಿಗೆ ಹಾಲು ಕೊಡಬಾರದು ಅಂತ ಅತ್ತೆ, ಪಕ್ಕದ ಮನೆಯ ದೊಡ್ಡಮ್ಮ ಇಬ್ಬರೂ ಅಡ್ಡ ನಿಂತರು. ಈ ಒಂದು ವಿಷಯದಲ್ಲಿ ನಾನು ಅತ್ತೆಯ ಮಾತು ಕೇಳಲಿಲ್ಲ. ಗಿಣ್ಣು ಹಾಲು ಮೊದಲ ಒಂದೆರಡು ಗಂಟೆಯೊಳಗೇ ಕರುವಿನ ಹೊಟ್ಟೆಗೆ ಹೋಗಬೇಕು, ರೋಗ ತಡೆಯುವ ಶಕ್ತಿ ಅದಕ್ಕೆ ಬರುವುದು ಅದರಿಂದಲೇ, ತಡವಾದಷ್ಟೂ ಮೈ ಹೀರಿಕೊಳ್ಳುವುದು ಕಮ್ಮಿ. ಅದೂ ಅಲ್ಲದೆ ಕರು ಚೀಪಿದರೆ ಗರ್ಭಕೋಶ ಬಿಗಿದು ಕಸ ಬೇಗ ಬೀಳುತ್ತದೆ. ಬೆಳಗಿನ ಜಾವಕ್ಕೆ ಕಸ ಬಿತ್ತು, ನಾಯಿ ಎಳೆಯದ ಹಾಗೆ ಆಳವಾಗಿ ಹೂತೆವು. ಅತ್ತೆ ಏನೂ ಅನ್ನಲಿಲ್ಲ. ಮುಂದಿನ ಸೂಲಿಗೆ ಅವರೇ ಕರುವನ್ನು ಹಿಡಿದು ಮೊಲೆಗೆ ಹಚ್ಚಿದರು.

ಆ ಮುಂದಿನ ಸೂಲು 2022ರಲ್ಲಿ. ಆ ವರ್ಷ ಮಳೆ ಹುಯ್ದಿದ್ದು ಎಲ್ಲರಿಗೂ ನೆನಪಿರಬೇಕು, 1933ರ ನಂತರ ಮೊದಲ ಸಲ ಮಾರಿಕಣಿವೆ ಕೋಡಿ ಬಿತ್ತು. ಊರೆಲ್ಲ ನೋಡಲು ಹೋಯಿತು, ನಾವೂ ಹೋಗಿದ್ದೆವು. ಅದರ ಹಿಂದೆಯೇ ಚರ್ಮಗಂಟು ರೋಗ ಬಂತು. ನೊಣ ಸೊಳ್ಳೆ ಕಚ್ಚಿ ಹರಡುವ ರೋಗ, ಅಂಥ ಮಳೆಗಾಲದಲ್ಲಿ ಇನ್ನೇನು. ಬೆಳ್ಳಿಗೆ ಕುತ್ತಿಗೆಯಿಂದ ತೊಡೆಯವರೆಗೆ ನಿಂಬೆಕಾಯಿ ಗಾತ್ರದ ಗಂಟು, ಮುಂಗಾಲು ಬಾತು ನಿಲ್ಲಲಾಗದೆ ಬಿದ್ದುಕೊಂಡಿತು. ಡಾಕ್ಟರ್ ಜ್ವರಕ್ಕೆ ಇಂಜೆಕ್ಷನ್ ಕೊಟ್ಟರು. ನಾವು ವೀಳ್ಯದೆಲೆ, ಮೆಣಸು, ಉಪ್ಪು ಅರೆದು ಬೆಲ್ಲ ಸೇರಿಸಿ ನೆಕ್ಕಿಸಿದೆವು. ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿದೆವು. ಹನ್ನೆರಡು ದಿನಕ್ಕೆ ಎದ್ದಿತು. ಕೆಂಪಿಗೆ ಚರ್ಮಗಂಟು ತಡೆಯಲು ಕೊಡುತ್ತಿದ್ದ ಮೇಕೆ ಸಿಡುಬಿನ ಲಸಿಕೆ ಮೊದಲೇ ಹಾಕಿಸಿದ್ದೆವು, ಅವಳಿಗೆ ಏನೂ ಆಗಲಿಲ್ಲ. ಆ ಸೂಲಿನಲ್ಲಿ ಹೋರಿಗರು. ಜರ್ಸಿ ಹೋರಿಯನ್ನು ಏನು ಮಾಡುವುದು ಅನ್ನುವುದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಈಗ ಅದು ನೆಂಟರ ಮನೆಯಲ್ಲಿ ಗಾಡಿ ಎಳೆಯುತ್ತಿದೆ.

ಮೇವಿನ ವಿಷಯ ಹೆಚ್ಚೇನಿಲ್ಲ. ರಾಗಿಹುಲ್ಲು, ಶೇಂಗಾ ಬಳ್ಳಿ, ಅರ್ಧ ಎಕರೆಯ ಒಂದು ಮೂಲೆಯಲ್ಲಿ ನೇಪಿಯರ್ ಹುಲ್ಲು. ಹಿಂಡಿ ಬೂಸಾ ದಿನಕ್ಕೆ ಮೈ ಕಾಯಲು ಒಂದೂವರೆ ಕೆಜಿ, ಮೇಲೆ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ಶೇಂಗಾ ಬಳ್ಳಿ ಮಳೆಗೆ ನೆಂದು ಬೂಷ್ಟು ಹಿಡಿದಿದ್ದರೆ ದುಡ್ಡಿನ ಮುಖ ನೋಡದೆ ತಿಪ್ಪೆಗೆ ಹಾಕಿ. ಅಜೋಲಾ (ನೀರಿನ ಮೇಲೆ ತೇಲುವ ಮೇವಿನ ಸಸ್ಯ) ತೊಟ್ಟಿ ನಾನೂ ಮಾಡಿದ್ದೆ, ಬೇಸಿಗೆಯಲ್ಲಿ ಅದನ್ನು ಬದುಕಿಸುವುದು ಹಸು ಸಾಕುವುದಕ್ಕಿಂತ ಕಷ್ಟವಾಗಿ ಬಿಟ್ಟುಬಿಟ್ಟೆ.

ಜನ ಮಾಡದೇ ಇರುವುದು ಒಂದಿದೆ, ಹಾಲು ಬತ್ತಿಸುವುದು. ಕರು ಹಾಕಲು ಎರಡು ತಿಂಗಳು ಇರುವಾಗ ನಾನು ಹಿಂಡಿ ಬೂಸಾ ಕಮ್ಮಿ ಮಾಡಿ, ಹಾಲು ಹಿಂಡುವುದನ್ನು ನಿಲ್ಲಿಸುತ್ತೇನೆ, ಮೊಲೆಗೆ ಡಾಕ್ಟರ್ ಕೊಡುವ ಔಷಧದ ಟ್ಯೂಬ್ ಏರಿಸುತ್ತೇನೆ. ಎರಡು ಲೀಟರ್ ಬರುತ್ತಿದೆಯಲ್ಲ ಅಂತ ಕೊನೆಯವರೆಗೆ ಹಿಂಡಿದರೆ ಮುಂದಿನ ಸೂಲಿನ ಹಾಲನ್ನೇ ಹಿಂಡಿದ ಹಾಗೆ. ಹೀಗೆಲ್ಲ ನೋಡಿಕೊಂಡರೂ ನಾಲ್ಕನೇ ಸೂಲಿನ ಮಾರನೇ ದಿನ ಕೆಂಪಿ ಕುತ್ತಿಗೆ ಪಕ್ಕೆಗೆ ಮಡಚಿಕೊಂಡು ಬಿದ್ದಳು. ಕಿವಿ ಮುಟ್ಟಿದರೆ ತಣ್ಣಗೆ. ಹಾಲುಜ್ವರ ಅಂತ ಹೆಸರು, ಜ್ವರ ಮಾತ್ರ ಇರಲ್ಲ, ಮೈಯ ಸುಣ್ಣದಂಶವೆಲ್ಲ ಹಾಲಿಗೆ ಇಳಿದಿರುತ್ತದೆ. ಡಾಕ್ಟರ್ ಬಂದು ಕ್ಯಾಲ್ಸಿಯಂ ಬಾಟಲಿಯನ್ನು ನಿಧಾನವಾಗಿ ನರಕ್ಕೆ ಏರಿಸಿದರು, ಬಾಟಲಿ ಮುಗಿಯುವ ಹೊತ್ತಿಗೆ ಒಂದು ತೇಗು ತೇಗಿ, ಸಗಣಿ ಹಾಕಿ, ಎದ್ದು ನಿಂತಳು. ಇದಕ್ಕೆ ಕಾಯಬಾರದು, ಅರ್ಧ ದಿನ ತಡವಾದರೆ ಹಸು ಕೈಗೆ ಸಿಗುವುದಿಲ್ಲ.

ಇನ್ನು ಹೋರಿ ನಂಬರ್ ಯಾಕೆ ಬರೆಯಬೇಕು ಅಂತ. 2023ರಲ್ಲಿ ಬೆಳ್ಳಿ ಬೆದೆಗೆ ಬಂದಾಗ ಕಡ್ಡಿ ಹಾಕುವವರು ಕಡ್ಡಿಗಳನ್ನು ತಣ್ಣಗೆ ಇಡುವ ಕ್ಯಾನ್ ತೆಗೆದು, ಕಡ್ಡಿಯನ್ನು ಉಗುರುಬೆಚ್ಚಗಿನ ನೀರಿಗೆ ಬಿಟ್ಟರು. ನಂಬರ್ ಓದಿ ಅಂದೆ. ಓದಿದರು. ಬಾಗಿಲ ಹಿಂದೆ ಹಳೇ ಕ್ಯಾಲೆಂಡರುಗಳನ್ನೂ ಒಂದರ ಮೇಲೊಂದು ತೂಗುಹಾಕಿದ್ದೇನೆ, ಹೋಗಿ ನೋಡಿದರೆ ಅದೇ ನಂಬರ್, ಬೆಳ್ಳಿಯ ಅಪ್ಪ! ಆ ಕಡ್ಡಿಯ ದುಡ್ಡು ನಾನೇ ಕೊಡುತ್ತೇನೆ, ಬೇರೆ ಹಾಕಿ ಅಂದೆ. ಅವರು ನಗುತ್ತಾ ಬೇರೆ ಜರ್ಸಿ ಹೋರಿಯದ್ದು ತೆಗೆದರು. ಚೊಚ್ಚಲಿಗೆ ಎಚ್‌ಎಫ್ ಬೇಡ ಅಂತ ಮೊದಲೇ ಹೇಳಿದ್ದೆ, ಕರು ದೊಡ್ಡದಾದರೆ ಹೆರಿಗೆ ಕಷ್ಟ.

ಬೆಳ್ಳಿಗೆ ಒಂದು ಹೆಣ್ಣುಕರು ಆಗಿ ಅದೂ ಈಗ ಕಡಸು. ಹೋದ ವಾರ ಬೆಳಗಿನ ಜಾವ ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋದರೆ ಅತ್ತೆ ಆಗಲೇ ಅಲ್ಲಿ ನಿಂತಿದ್ದರು. 'ನೋಡವ್ವ, ನೂಲು ಬಿಟ್ಟೈತೆ, ಗೀಟು ಹಾಕೋಗು' ಅಂದರು.