ಸೂಜಿ ಕಂಡರೆ ಬವಳಿ ಬರುತ್ತದೆಯೇ? ಮೈ ಬಿಗಿ ಮಾಡಿ

ಡಾಕ್ಟರು ಬರೆದುಕೊಟ್ಟ ರಕ್ತಪರೀಕ್ಷೆಯ ಚೀಟಿ ಕೆಲವರ ಪರ್ಸಿನಲ್ಲಿ ತಿಂಗಳುಗಟ್ಟಲೆ ಹಾಗೇ ಉಳಿದಿರುತ್ತದೆ. ದುಡ್ಡಿಲ್ಲ ಅಂತಲ್ಲ, ಪುರುಸೊತ್ತಿಲ್ಲ ಅಂತಲೂ ಅಲ್ಲ. ಸೂಜಿಯ ಭಯ. ಇಂಥವರಿಗೆ ಸಿಗುವ ಸಲಹೆಯೋ ಒಂದೇ: ‘ಮೈ ಸಡಿಲ ಬಿಡಿ, ಏನೂ ಆಗಲ್ಲ.’ ಸೂಜಿ ಕಂಡರೆ ಎಚ್ಚರ ತಪ್ಪುವವರ ಪಾಲಿಗೆ ಇದು ಉಲ್ಟಾ ಸಲಹೆ.

ಅದಕ್ಕೇ ಮೊದಲ ಕೆಲಸ, ನಿಮ್ಮ ಭಯ ಯಾವ ಬಗೆಯದು ಎಂದು ನೋಡಿಕೊಳ್ಳುವುದು. ನಾಯಿ, ಲಿಫ್ಟು, ಎತ್ತರ ಇವುಗಳ ಫೋಬಿಯಾ ಇದ್ದವರಿಗೆ ಎದೆ ಡವಗುಟ್ಟುತ್ತದೆ, ಬಿ.ಪಿ. ಏರುತ್ತದೆ. ಬಿದ್ದೇಬಿಡುತ್ತೇನೆ ಅನ್ನಿಸಿದರೂ ಅವರು ಎಚ್ಚರ ತಪ್ಪುವುದು ಅಪರೂಪ. ರಕ್ತ ಮತ್ತು ಸೂಜಿಯ ಭಯದ ದಾರಿಯೇ ಬೇರೆ. ಮೊದಲು ಬಿ.ಪಿ. ಏರಿ, ಆಮೇಲೆ ಬಿ.ಪಿ.ಯೂ ಹೃದಯದ ಬಡಿತವೂ ದಿಢೀರನೆ ಇಳಿದುಬಿಡುತ್ತವೆ. ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲಿಟ್ಟು, ತಣ್ಣನೆ ಬೆವರಿ, ಕುಸಿಯುತ್ತಾರೆ. ಇದು ಮನೆತನದಲ್ಲೇ ಹರಿದು ಬರುವುದೂ ಉಂಟು. ಪುಕ್ಕಲುತನಕ್ಕೂ ಇದಕ್ಕೂ ಸಂಬಂಧವಿಲ್ಲ.

ಬಿಗಿ ಮಾಡುವ ಅಭ್ಯಾಸ

ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಗೋರಾನ್ ಓಸ್ಟ್ ಮತ್ತು ಸಂಗಡಿಗರು 1980ರ ದಶಕದಲ್ಲಿ ರೂಪಿಸಿದ ವಿಧಾನವಿದು. ಇಳಿಯುವ ಬಿ.ಪಿ.ಯನ್ನು ಸ್ನಾಯುಗಳ ಬಲದಿಂದ ಮೇಲೆತ್ತುವುದೇ ಇದರ ಗುಟ್ಟು.

ಕುರ್ಚಿಯಲ್ಲಿ ಕೂತು ಮುಷ್ಟಿ, ತೋಳು, ಹೊಟ್ಟೆ, ತೊಡೆ ಎಲ್ಲವನ್ನೂ ಒಟ್ಟಿಗೆ ಬಿಗಿ ಮಾಡಿ. 10ರಿಂದ 15 ಸೆಕೆಂಡು, ಮುಖ ಬೆಚ್ಚಗಾಗುವವರೆಗೆ ಹಾಗೇ ಹಿಡಿಯಿರಿ. ಉಸಿರು ಕಟ್ಟಬೇಡಿ. ಬಳಿಕ ಬಿಡಿ, ಆದರೆ ಪೂರಾ ಜೋತುಬೀಳುವಷ್ಟು ಬೇಡ, ಮಾಮೂಲಿ ಸ್ಥಿತಿಗೆ ಬಂದರೆ ಸಾಕು. 20–30 ಸೆಕೆಂಡು ಬಿಟ್ಟು ಮತ್ತೆ ಬಿಗಿ. ಹೀಗೆ ಐದು ಸುತ್ತು. ದಿನಕ್ಕೆ ನಾಲ್ಕೈದು ಬಾರಿ ಒಂದು ವಾರ ಮಾಡಿದರೆ ಮೈಗೆ ರೂಢಿಯಾಗುತ್ತದೆ. ತಲೆ ನೋಯುತ್ತಿದ್ದರೆ ನೀವು ಅತಿಯಾಗಿ ಬಿಗಿಯುತ್ತಿದ್ದೀರಿ, ಜೋರು ಕಡಿಮೆ ಮಾಡಿ. ಬಿ.ಪಿ., ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಡಾಕ್ಟರನ್ನು ಕೇಳಿಯೇ ಶುರುಮಾಡಬೇಕು.

ಭಯವಿದ್ದರೂ ಎಂದೂ ಬವಳಿ ಬರದವರಿಗೆ ಇದರ ಅಗತ್ಯವಿಲ್ಲ. ಅವರು ಮುಂದಿನದಕ್ಕೆ ಹೋಗಬಹುದು.

ಒಂದೊಂದೇ ಮೆಟ್ಟಿಲು

ನಿಮ್ಮನ್ನು ಹೆದರಿಸುವ ಸಂದರ್ಭಗಳನ್ನು ಬರೆದು, ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಸಿರಿಂಜಿನ ಚಿತ್ರಕ್ಕೆ ಎರಡು ಇರಬಹುದು. ಇಂಜೆಕ್ಷನ್ ಕೊಡುವ ವಿಡಿಯೊ, ಸೂಜಿಯಿಲ್ಲದ ಸಿರಿಂಜನ್ನು ಕೈಯಲ್ಲಿ ಹಿಡಿಯುವುದು, ಲ್ಯಾಬಿನಲ್ಲಿ ಸುಮ್ಮನೆ ಕೂರುವುದು, ಗ್ಲುಕೋಮೀಟರಿಗೆ ಬೆರಳು ಚುಚ್ಚಿಸಿಕೊಳ್ಳುವುದು, ಕೊನೆಗೆ ತೋಳಿನಿಂದ ರಕ್ತ ಕೊಡುವುದು. ನಿಮ್ಮ ಪಟ್ಟಿ ನಿಮ್ಮದೇ ಆಗಿರಲಿ. ಕೆಲವರಿಗೆ ಸೂಜಿಗಿಂತ ಸ್ಪಿರಿಟ್ಟಿನ ವಾಸನೆಯ ಭಯವೇ ಹೆಚ್ಚು.

ಕಡಿಮೆ ಅಂಕದಿಂದ ಹೊರಡಿ. ಇಲ್ಲಿ ನಿಯಮ ಒಂದೇ: ಭಯ ತುತ್ತತುದಿಯಲ್ಲಿರುವಾಗ ಎದ್ದು ಹೋಗಕೂಡದು. ಓಡಿಹೋದಾಗ ಸಿಗುವ ನೆಮ್ಮದಿ ದುಬಾರಿ, ಅದೇ ಮುಂದಿನ ಸಲದ ಭಯವನ್ನು ಸಾಕುತ್ತದೆ. ಕೂತಲ್ಲೇ ಕೂತಿರಿ. ಏಳು ಅಂಕವಿದ್ದ ಭಯ ನಾಲ್ಕಕ್ಕೋ ಮೂರಕ್ಕೋ ತಾನಾಗಿ ಇಳಿಯುತ್ತದೆ. ತಲೆ ಹಗುರಾದಂತಾದರೆ ಕಲಿತ ಬಿಗಿತವನ್ನು ಬಳಸಿ. ಅದೇ ಮೆಟ್ಟಿಲನ್ನು ಬೇಸರ ಬರುವವರೆಗೂ ಮಾಡಿ, ನಂತರವೇ ಮುಂದಿನದು. ಒಂದು ಮೆಟ್ಟಿಲು ತೀರಾ ಎತ್ತರವೆನಿಸಿದರೆ ನಡುವೆ ಇನ್ನೊಂದನ್ನು ಸೇರಿಸಿಕೊಂಡರಾಯಿತು.

ಲ್ಯಾಬಿಗೆ ಹೋಗುವ ದಿನ

ನೀರು ಚೆನ್ನಾಗಿ ಕುಡಿದು ಹೋಗಿ. ಖಾಲಿ ಹೊಟ್ಟೆಯ ಪರೀಕ್ಷೆಗೂ ಬರೀ ನೀರಿಗೆ ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ, ಲ್ಯಾಬಿನವರನ್ನು ಕೇಳಿಕೊಳ್ಳಿ. ನಾಚಿಕೆ ಬಿಟ್ಟು ‘ನನಗೆ ಬವಳಿ ಬರುತ್ತೆ, ಮಲಗಿಸಿ ತೆಗೀರಿ’ ಎಂದುಬಿಡಿ, ಇಂಥವರು ಅವರಿಗೆ ಹೊಸಬರಲ್ಲ. ಚುಚ್ಚುವ ಕೈಯನ್ನು ಮಾತ್ರ ಸಡಿಲ ಬಿಟ್ಟು, ಇನ್ನೊಂದು ಕೈ ಮತ್ತು ಕಾಲುಗಳನ್ನು ಬಿಗಿ ಮಾಡಿ. ನೋವಿನದ್ದೇ ಚಿಂತೆಯಾದರೆ ಚರ್ಮ ಮರಗಟ್ಟಿಸುವ ಲಿಡೊಕೇನ್-ಪ್ರಿಲೊಕೇನ್ ಮುಲಾಮು ಇದೆ. ಡಾಕ್ಟರ ಸಲಹೆಯಂತೆ ಸುಮಾರು ಒಂದು ಗಂಟೆ ಮೊದಲೇ ಹಚ್ಚಬೇಕು. ಮುಗಿದ ಕೂಡಲೇ ಏಳಬೇಡಿ, ಕಾಲು ಗಂಟೆ ಇರಿ. ಯಾರಾದರೂ ಕುಸಿದರೆ ಮಲಗಿಸಿ ಕಾಲನ್ನು ಎತ್ತರಿಸಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು.

ಮಕ್ಕಳ ವಿಷಯದಲ್ಲಿ ಒಂದು ಮಾತು. ‘ಊಟ ಮಾಡದಿದ್ರೆ ಡಾಕ್ಟರ್ ಹತ್ರ ಚುಚ್ಚಿಸ್ತೀನಿ ನೋಡು’ ಎಂದು ವರ್ಷವಿಡೀ ಬೆದರಿಸಿ, ಲಸಿಕೆಯ ದಿನ ‘ನೋವೇ ಆಗಲ್ಲ ಪುಟ್ಟಾ’ ಎಂದರೆ ಯಾವ ಮಗು ನಂಬೀತು? ಸ್ವಲ್ಪ ಚುರುಕ್ ಅನ್ನುತ್ತದೆ, ಬೇಗ ಹೋಗುತ್ತದೆ ಎಂಬ ನಿಜವನ್ನೇ ಹೇಳಿ.

ದಿನಾ ಇನ್ಸುಲಿನ್ ಬೇಕಾದವರು, ಭಯದಿಂದ ಚಿಕಿತ್ಸೆಯನ್ನೇ ಮುಂದೂಡುತ್ತಿರುವವರು ಒಬ್ಬರೇ ಹೆಣಗುವುದು ಬೇಡ. ಇದೇ ಮೆಟ್ಟಿಲುಗಳನ್ನು ಜೊತೆಗೆ ನಿಂತು ಹತ್ತಿಸುವ ಕ್ಲಿನಿಕಲ್ ಸೈಕಾಲಜಿಸ್ಟರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದಾರೆ, ಬೇರೆ ದೊಡ್ಡ ಆಸ್ಪತ್ರೆಗಳಲ್ಲೂ ಸಿಗುತ್ತಾರೆ. ಎಲ್ಲಿಂದ ಶುರುಮಾಡಲಿ ಎಂಬುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಒಮ್ಮೆ ಗೆದ್ದ ಮೇಲೆ ವರ್ಷಗಟ್ಟಲೆ ಸೂಜಿಯ ಮುಖ ನೋಡದಿದ್ದರೆ ಭಯ ಮರಳಬಹುದು. ಆದ್ದರಿಂದ ಮುಂದಿನ ಸಲ ಮನೆಯ ಹಿರಿಯರ ಶುಗರ್ ಟೆಸ್ಟಿಗೆ ಜೊತೆಯಲ್ಲಿ ನೀವೇ ಹೋಗಿ. ಹೊರಗೆ ಬೆಂಚಿನ ಮೇಲಲ್ಲ, ಒಳಗೇ ನಿಂತು ನೋಡಿ.