ಬಾರ್ಸಿಲೋನಾ ಕಡಲಿಗಿಳಿಯುವ ಮುನ್ನ ಗಾಳಿ ನೋಡಿ

ಬಾರ್ಸಿಲೋನಾದ ದಡದಲ್ಲಿ ಉಬ್ಬರ-ಇಳಿತಕ್ಕೆ ನೀರು ಏರಿಳಿಯುವುದು ಹೆಚ್ಚೆಂದರೆ ಒಂದು ಗೇಣು. ಕಾರವಾರ, ಮಲ್ಪೆಗಳಲ್ಲಿ ಇಳಿತದ ಹೊತ್ತು ನೋಡಿ ರೂಢಿಯಾದವರಿಗೆ ಆ ಲೆಕ್ಕ ಇಲ್ಲಿ ನಡೆಯದು. ಮೆಡಿಟರೇನಿಯನ್‌ನಲ್ಲಿ ಅಪಾಯ ಹೆಚ್ಚಾಗಿ ಬರುವುದು ಗಾಳಿಯಿಂದ.

ಬೇಸಿಗೆಯಲ್ಲಿ ಬೆಳಗಿನ ಹೊತ್ತು ನೆಲದಿಂದ ಕಡಲಿಗೆ ಮೆಲುಗಾಳಿ ಬೀಸುತ್ತದೆ. ಆಗ ದಡದ ನೀರು ಗಾಜಿನಂತೆ ಕಾಣುತ್ತದೆ; ಗಾಳಿ ತುಂಬಿದ ಆಟಿಕೆ, ಹಾಸಿಗೆ, ಬೋರ್ಡ್‌ಗಳು ಸದ್ದಿಲ್ಲದೆ ದಡದಿಂದ ದೂರ ತೇಲಿಹೋಗುವುದೂ ಆಗಲೇ. ಹಾಸಿಗೆ ತೇಲಿಹೋದರೆ ಹೋಗಲಿ, ಬೆನ್ನಟ್ಟಬೇಡಿ. ಮಧ್ಯಾಹ್ನದ ನಂತರ ನೈಋತ್ಯದಿಂದ ‘ಗರ್ಬಿ’ ಎಂಬ ಗಾಳಿ ಬಲಗೊಂಡು, ನೀರಲ್ಲಿದ್ದವರನ್ನು ದಡದುದ್ದಕ್ಕೂ ಈಶಾನ್ಯದತ್ತ ತಳ್ಳುತ್ತದೆ. ಹಾಗಾಗಿ ಪ್ಯಾಡಲ್ ಬೋರ್ಡ್ (ನಿಂತು ಹುಟ್ಟು ಹಾಕುವ ತೇಲುಹಲಗೆ) ಹಿಡಿದವರು ಮೊದಲು ಗಾಳಿಗೆ ಎದುರಾಗಿ ಹೋಗಬೇಕು. ದಣಿದ ಮೇಲೆ ಮರಳಲು ಗಾಳಿಯೇ ನೆರವಾಗುತ್ತದೆ.

ಗಾಳಿ ತುಂಬುವ ಬೋರ್ಡ್‌ಗೆ ಸಾಮಾನ್ಯವಾಗಿ 12ರಿಂದ 15 ಪಿಎಸ್ಐ ಒತ್ತಡ ಬೇಕು. ನಿಮ್ಮ ಬೋರ್ಡ್‌ನ ಮಿತಿ ವಾಲ್ವ್ ಹತ್ತಿರ ಬರೆದಿರುತ್ತದೆ. ಒತ್ತಡ ಕಡಿಮೆಯಾದರೆ ನಡುವೆ ಬಾಗಿ ಸಮತೋಲ ತಪ್ಪುತ್ತದೆ. ಪೂರ್ತಿ ತುಂಬಿದ್ದನ್ನು ಬಿಸಿಲಲ್ಲಿ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿಡಬಹುದು. ಹುಟ್ಟು ನಿಮ್ಮ ಎತ್ತರಕ್ಕಿಂತ 15ರಿಂದ 20 ಸೆಂ.ಮೀ. ಉದ್ದವಿರಲಿ. ಕಾಲಿಗೆ ಲೀಶ್ (ಬೋರ್ಡಿಗೆ ಜೋಡಿಸಿದ ಹಗ್ಗ) ಕಟ್ಟಿ, ಲೈಫ್ ಜಾಕೆಟ್ ಹಾಕಿಕೊಳ್ಳಿ. ಲೀಶ್ ಇಲ್ಲದೆ ಬಿದ್ದರೆ ಗಾಳಿ ಬೋರ್ಡನ್ನು ನೀವು ಈಜುವುದಕ್ಕಿಂತ ಬೇಗ ಒಯ್ಯುತ್ತದೆ. ಗಾಳಿ ಜೋರಾದರೆ ನಿಂತು ಹೋರಾಡದೆ ಮಂಡಿಯೂರಿ. ಆಗದಿದ್ದರೆ ಬೋರಲಾಗಿ ಮಲಗಿ ಕೈಯಿಂದ ಹುಟ್ಟು ಹಾಕಿ. ಏನೇ ಆದರೂ ಬೋರ್ಡ್ ಬಿಡಬೇಡಿ.

ಸ್ಪೇನ್‌ನ ನಿಯಮದಂತೆ, ಬೋಯ್‌ಗಳಿಂದ (ನೀರಲ್ಲಿ ತೇಲುವ ಗುರುತುಗಳು) ಗುರುತಿಸದ ಕಡೆ ಬೀಚಿನಿಂದ 200 ಮೀಟರ್ ಒಳಗಿನ ನೀರು ಈಜುವವರದು. ದೋಣಿ, ಜೆಟ್ ಸ್ಕೀಗಳು ಹಳದಿ ಬೋಯ್‌ಗಳ ಸಾಲುಗಳ ನಡುವಿನ ಕಾಲುವೆಯಲ್ಲೇ ದಡಕ್ಕೆ ಬಂದುಹೋಗಬೇಕು. ಆ ಕಾಲುವೆಯಲ್ಲಿ ಈಜಬೇಡಿ, ಅಡ್ಡ ದಾಟಲೂಬೇಡಿ.

ಹಸಿರು ಬಾವುಟವಿದ್ದರೆ ಈಜಬಹುದು, ಹಳದಿಗೆ ಎಚ್ಚರಿಕೆ, ಕೆಂಪಿದ್ದರೆ ನೀರಿಗಿಳಿಯುವಂತಿಲ್ಲ. ಬಾವುಟವೇ ಇಲ್ಲದಿದ್ದರೆ ಅದನ್ನು ಹಸಿರೆಂದು ತಿಳಿಯಬಾರದು.

ಅಲೆಗಳಿದ್ದ ದಿನ ಕಲ್ಲಿನ ತಡೆಗೋಡೆಗಳಿಂದ ದೂರವಿರಿ. ಅಲೆ ತಂದು ಸುರಿದ ನೀರು ಗೋಡೆಯ ಮಗ್ಗುಲಲ್ಲೇ ಕಡಲಿಗೆ ಮರಳುತ್ತದೆ. ಅಲೆ ಒಡೆಯದೆ ಶಾಂತವಾಗಿ ಕಾಣುವ ಪಟ್ಟಿಯೇ ಬಹುತೇಕ ಸೆಳೆತದ ಜಾಗ. ಸಿಕ್ಕಿಕೊಂಡರೆ ದಡದತ್ತ ನೇರ ಈಜಬೇಡಿ: ಅಂಗಾತ ತೇಲಿ, ಉಸಿರು ಸುಧಾರಿಸಿಕೊಂಡು, ಕೈಯೆತ್ತಿ ಕರೆಯಿರಿ. ಶಕ್ತಿಯಿದ್ದರೆ ಕಲ್ಲುಗಳಿಂದ ದೂರವಾಗುವಂತೆ ದಡಕ್ಕೆ ಸಮಾನಾಂತರವಾಗಿ ಈಜಿ, ಅಲೆ ಒಡೆಯುವಲ್ಲಿ ದಡ ಸೇರಿ.

ಈ ಕರಾವಳಿಯಲ್ಲಿ ಹೆಚ್ಚು ಕುಟುಕುವುದು ನಸುನೇರಳೆ ಬಣ್ಣದ ‘ಪೆಲಾಜಿಯಾ’ ಜೆಲ್ಲಿಫಿಶ್. ಗಾಯವನ್ನು ಕಡಲ ನೀರಲ್ಲೇ ತೊಳೆಯಿರಿ. ಸಿಹಿನೀರು ತಾಗಿದರೆ ಅಥವಾ ಉಜ್ಜಿದರೆ ಚರ್ಮಕ್ಕಂಟಿದ ಕುಟುಕುಕೋಶಗಳು ಮತ್ತೆ ಸಿಡಿಯುತ್ತವೆ. ಈ ಜಾತಿಗೆ ವಿನೆಗರ್ ಕೂಡ ಬೇಡ. ಎಳೆಗಳನ್ನು ಚಿಮಟದಿಂದ ತೆಗೆದು, ಬಟ್ಟೆ ಸುತ್ತಿದ ಮಂಜುಗಡ್ಡೆ ಇಡಿ. ಮರಳಲ್ಲಿ ಹೂತಿರುವ ವೀವರ್ ಮೀನಿನ ಮುಳ್ಳು ಚುಚ್ಚಿದರೆ ಚಿಕಿತ್ಸೆ ತದ್ವಿರುದ್ಧ: ಸುಡದಷ್ಟು ಬಿಸಿಯ, ಸುಮಾರು 40 ಡಿಗ್ರಿ ಸೆಲ್ಸಿಯಸ್ ನೀರಲ್ಲಿ ಅರ್ಧ ಗಂಟೆಯಾದರೂ ಪಾದ ಅದ್ದಿಡಿ. ಉಸಿರಾಟ ಕಷ್ಟವಾದರೆ, ಮುಖ ಊದಿಕೊಂಡರೆ ತಡಮಾಡದೆ 112ಕ್ಕೆ ಕರೆ ಮಾಡಿ, ಬೀಚಿನ ಹೆಸರು ಹೇಳಿ.